ಹಳೇ ಮನೆಗಳ ತಲಬಾಗಿಲು ಮತ್ತು ಕೆತ್ತನೆಯ ಮುಖಗೋಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹಳೇ ಓಣಿಗಳಲ್ಲಿ ಬಾಗಿಲು ನೋಡುತ್ತಾ ತಿರುಗುವುದು ನನ್ನ ಬಹಳ ವರ್ಷಗಳ ಅಭ್ಯಾಸ. ಕಟ್ಟೆ ಮೇಲೆ ಕೂತ ಹಿರಿಯರು, ಮನೆ ರಿಪೇರಿಗೆ ಇಳಿದವರು, ಊರು ಬಿಟ್ಟು ಬೆಂಗಳೂರು ಸೇರಿದ ಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಪೂರ್ತಿ ಓದಲೇಬೇಕೆಂದೇನಿಲ್ಲ. ನಿಮಗೆ ಬೇಕಾದ್ದನ್ನು ಹುಡುಕಿ ಓದಿಕೊಳ್ಳಿ.

ಶುರುವಿಗೆ

ಹಂಪಿ ಬಿಟ್ಟರೆ ನಮ್ಮ ಕಡೆ ನೋಡುವಂಥ ಬಾಗಿಲು ಎಲ್ಲವ ರೀ?

ನಿಮ್ಮ ಊರಿನ ಹಳೇ ಪೇಟೆಯಿಂದಲೇ ಶುರು ಮಾಡಿ. ಅಗಸಿಯ (ಊರ ಬಾಗಿಲಿನ) ಒಳಗೆ, ಗುಡಿಯ ಸುತ್ತ, ಗೌಡರ ಓಣಿಯಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ. ಆನೆಗೊಂದಿಯಲ್ಲಿ ಇವತ್ತಿಗೂ ಜನ ಬಾಳುವ ಹಳೇ ಮನೆಗಳಿವೆ, ಅಲ್ಲಿ ಬಾಗಿಲನ್ನು ಅದರ ಕಟ್ಟೆ, ಪಡಸಾಲೆ, ಕಂಬಗಳ ಜೊತೆಗೇ ನೋಡಬಹುದು. ಬಳ್ಳಾರಿಯಲ್ಲಿ ಬ್ರೂಸ್‌ಪೇಟೆ, ಕೌಲ್ ಬಜಾರ್ ಕಡೆ ನಡೆದು ನೋಡಿ. ಕಣ್ಣು ಅಂಗಡಿ ಬೋರ್ಡಿನ ಮೇಲಕ್ಕೆ ಹೋಗಬೇಕು ಅಷ್ಟೇ.

ರಾಯಚೂರಿಗೆ ಹೋದರೆ ಮೊದಲು ಕೋಟೆಯ ಬಾಗಿಲುಗಳನ್ನು ನೋಡಿ, ಆಮೇಲೆ ಮನೆಗಳಿಗೆ ಬನ್ನಿ. ಅಲ್ಲಿ ನವರಂಗಿ ದರವಾಜಾ ಇದೆ, ಕಾಟಿ ದರವಾಜಾ ಇದೆ. ಒಳಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ಶಾಸನ. ಅಷ್ಟು ದೊಡ್ಡ ಕಲ್ಲನ್ನು ಬಂಡಿಗೆ ಹೇರಿ, ಸಾಲು ಸಾಲು ದನ ಹೂಡಿ ಎಳೆದು ತರುತ್ತಿರುವ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಕಲ್ಲು ಸಾಗಿಸಿದ ಕಷ್ಟವೂ ನೆನಪಿನಲ್ಲಿ ಉಳಿಯಲಿ ಅಂತ ಬಯಸಿದ ಜನ ಅವರು. ನನಗೆ ಆ ಚಿತ್ರದ ಮೇಲೆ ಬಹಳ ಪ್ರೀತಿ.

ತಲಬಾಗಿಲು, ಹೆಬ್ಬಾಗಿಲು, ದಿಡ್ಡಿ ಬಾಗಿಲು ಎಲ್ಲಾ ಒಂದೇನಾ?

ಅಲ್ಲ. ಮನೆಯ ಮುಖ್ಯ ಬಾಗಿಲು ತಲಬಾಗಿಲು. ಊರಿಗೋ ಕೋಟೆಗೋ ದೊಡ್ಡ ವಾಡೆಯ ಹೊರಗೋಡೆಗೋ ಇರುವ ದೊಡ್ಡ ಬಾಗಿಲು ಹೆಬ್ಬಾಗಿಲು. ಎತ್ತಿನ ಬಂಡಿ ಒಳಗೆ ಹೋಗುವಷ್ಟು ಅಗಲ ಅದು. ದಿನಾ ಅದನ್ನು ಪೂರ್ತಿ ತೆಗೆಯುವುದು ಕಷ್ಟ. ಅದಕ್ಕೇ ಒಬ್ಬರು ಬಗ್ಗಿ ದಾಟುವಷ್ಟು ಸಣ್ಣ ಬಾಗಿಲನ್ನು ಅದರ ಕದದಲ್ಲೇ ಇಡುತ್ತಿದ್ದರು. ಅದು ದಿಡ್ಡಿ ಬಾಗಿಲು. ಕೆಲವು ಕಡೆ ಹಿತ್ತಿಲ ಬಾಗಿಲಿಗೂ ಇದೇ ಹೆಸರು.

ಇನ್ನೊಂದು ಮಾತು. ಕದ ಬೇರೆ, ಬಾಗಿಲು ಬೇರೆ. ಹೊಸ್ತಿಲು, ಅಕ್ಕಪಕ್ಕದ ನಿಲುವು ಮರ, ಮೇಲಿನ ಅಡ್ಡ ಮರ, ಅದರ ಸುತ್ತಲಿನ ಗೋಡೆ, ಕಾಲ ಕೆಳಗಿನ ಕಟ್ಟೆ, ಎಡಕ್ಕೂ ಬಲಕ್ಕೂ ದೀಪದ ಮಾಡ, ಇವೆಲ್ಲಾ ಸೇರಿ ಬಾಗಿಲು. ಈ ಮಾತು ಕೆಳಗೆ ರಿಪೇರಿ, ಮಾರಾಟದ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ದೊಡ್ಡ ಹಳೇ ಮನೆಗೆಲ್ಲಾ ವಾಡೆ ಅನ್ನಬಹುದಾ?

ಜನ ಅನ್ನುತ್ತಾರೆ, ತಪ್ಪೇನಿಲ್ಲ. ಆದರೆ ವಾಡೆ ಅಂದರೆ ದೇಸಾಯಿ, ದೇಶಮುಖ, ಗೌಡರಂಥ ಅಧಿಕಾರ ಇದ್ದವರ ಮನೆ. ಸುತ್ತ ಎತ್ತರದ ಗೋಡೆ, ನಡುವೆ ಅಂಗಳ, ಕಾಳಿಗೆ ಹಗೇವು, ದನಕ್ಕೆ ಬೇರೆ ಜಾಗ. ಪೇಟೆಯ ಸಾಹುಕಾರರ ಮನೆ ಹಾಗಿರುವುದಿಲ್ಲ. ಅದು ಬೀದಿಗೆ ಮುಖ ಕೊಟ್ಟು, ಪಕ್ಕದ ಮನೆಗೆ ಗೋಡೆ ತಾಗಿಸಿಕೊಂಡು ಉದ್ದಕ್ಕೆ ಒಳಗೆ ಹೋಗುತ್ತದೆ. ಬೀದಿಗೆ ಕಾಣುವ ಜಾಗ ಕಡಿಮೆ. ಹಾಗಾಗಿ ಇದ್ದ ಅಲಂಕಾರವನ್ನೆಲ್ಲಾ ಆ ಒಂದು ಮುಖಗೋಡೆಗೇ ಹಾಕುತ್ತಿದ್ದರು.

ಬಾಗಿಲು ಯಾಕಿಷ್ಟು ಗಿಡ್ಡ? ಹಿಂದಿನವರು ಗಿಡ್ಡ ಇದ್ದರಾ?

ಇದನ್ನು ಕೇಳದವರೇ ಇಲ್ಲ. ಹಿಂದಿನವರೇನೂ ಅಷ್ಟು ಗಿಡ್ಡ ಇರಲಿಲ್ಲ. "ಒಳಗೆ ಬರುವವರು ತಲೆ ಬಾಗಿಸಿ ಬರಲಿ ಅಂತ" ಎಂದು ಹಿರಿಯರು ಹೇಳುತ್ತಾರೆ. ಅದು ಚೆಂದದ ಮಾತು, ಅದರಲ್ಲಿ ನಿಜವೂ ಇದೆ. ಆದರೆ ಬೇರೆ ಕಾರಣಗಳೂ ಇವೆ. ಬಾಗಿಲು ಸಣ್ಣದಾದಷ್ಟೂ ಬೇಸಿಗೆಯ ಝಳ ಒಳಗೆ ಬರುವುದು ಕಡಿಮೆ. ರಾಯಚೂರಿನ ಏಪ್ರಿಲ್ ಬಿಸಿಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಳ್ಳರು ನುಗ್ಗಿದರೆ ಒಬ್ಬೊಬ್ಬರೇ ಬಗ್ಗಿ ಬರಬೇಕು. ಕದಕ್ಕೆ ಬೇಕಾದ ಮರವೂ ಕಡಿಮೆ.

ಎಷ್ಟೋ ಜನ ಗಮನಿಸದ ಕಾರಣ ಇನ್ನೊಂದಿದೆ: ರಸ್ತೆ. ಪ್ರತಿ ಸಲ ಡಾಂಬರು, ಕಾಂಕ್ರೀಟು ಹಾಕಿದಾಗ ಬೀದಿ ನಾಲ್ಕು ಬೆರಳು ಮೇಲೇಳುತ್ತದೆ. ನಾಲ್ಕಾರು ಸಲ ಹಾಗಾದರೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಒಂದೇ ಮೆಟ್ಟಿಲು ಉಳಿಯುತ್ತದೆ. ಕಟ್ಟೆ ಹೂತುಹೋಗಿ, ಒಳಗಿನ ನೆಲವನ್ನೂ ಎತ್ತರಿಸಿದ ಮೇಲೆ ಬಾಗಿಲು ಗಿಡ್ಡ ಕಾಣದೆ ಇನ್ನೇನಾಗುತ್ತದೆ?

ನೋಡುವುದು, ಓದುವುದು

ಚೌಕಟ್ಟಿನ ನಡುವೆ ಗಜಲಕ್ಷ್ಮಿ ಯಾಕೆ? ಎಲ್ಲಾ ಮನೇಲೂ ಅದೇ ಇರುತ್ತಾ?

ಮೇಲಿನ ಅಡ್ಡ ಮರದ ನಟ್ಟನಡುವಿನ ಜಾಗಕ್ಕೆ ಲಲಾಟ ಅನ್ನುತ್ತಾರೆ. ಲಲಾಟ ಅಂದರೆ ಹಣೆ. ಮನೆಯ ಹಣೆ ಅದು, ಅಲ್ಲಿ ಏನಿದೆ ಅನ್ನುವುದು ಆ ಮನೆಯವರ ಗುರುತು. ತಾವರೆ ಮೇಲೆ ಕೂತ ಲಕ್ಷ್ಮಿ, ಎರಡೂ ಕಡೆ ಸೊಂಡಿಲೆತ್ತಿ ನೀರೆರೆಯುವ ಆನೆಗಳು ನಮ್ಮ ಕಡೆ ಬಹಳ ಕಾಣುತ್ತವೆ. ಚಾಲುಕ್ಯರ ಕಾಲದ ಗುಡಿಗಳ ಬಾಗಿಲಲ್ಲೂ ಇದೇ ಗಜಲಕ್ಷ್ಮಿ ಇದ್ದಾಳೆ. ಮಳೆಗಾಗಿ ಮುಗಿಲು ನೋಡುವ ಸೀಮೆಯಲ್ಲಿ ನೀರು ಸುರಿಸುವ ಆನೆಗಿಂತ ಒಳ್ಳೆಯ ಹಾರೈಕೆ ಬೇಕಾ?

ಎಲ್ಲಾ ಮನೆಯಲ್ಲೂ ಅದೇ ಇರುವುದಿಲ್ಲ. ಲಿಂಗಾಯತರ ಮನೆಗಳಲ್ಲಿ ಲಿಂಗವೋ ನಂದಿಯೋ ಇರುತ್ತದೆ. ಎಷ್ಟೋ ಕಡೆ ಗಣಪತಿ. ಮುಸ್ಲಿಮರ ಮನೆಗಳಲ್ಲಿ ಮೂರ್ತಿ ಇರದೆ ಹೂವು, ಬಳ್ಳಿ, ಚಂದ್ರ, ಕೆಲವೊಮ್ಮೆ ಚೆಂದದ ಬರಹ. ಆದರೆ ಆ ಹೂವನ್ನೂ ಪಕ್ಕದ ಓಣಿಯ ಗಜಲಕ್ಷ್ಮಿಯ ಸುತ್ತಲಿನ ಹೂವನ್ನೂ ಒಮ್ಮೆ ಹೋಲಿಸಿ ನೋಡಿ. ಎಸಳು ತಿರುವುವ ರೀತಿ ಒಂದೇ ಇರುತ್ತದೆ. ದೇವರು ಯಾರೇ ಇರಲಿ, ಉಳಿ ಹಿಡಿದ ಬಡಿಗೇರರ ಕೈ ಒಂದೇ ಆಗಿತ್ತು.

ಗಿಳಿಗಳನ್ನು ಮರೆಯಬೇಡಿ. ಚೌಕಟ್ಟಿನ ಮೂಲೆಗಳಲ್ಲಿ ತಲೆಕೆಳಗಾಗಿ ಕೂತು ಹಣ್ಣು ಕುಕ್ಕುವ ಗಿಳಿಗಳಿರುತ್ತವೆ. ಮಕ್ಕಳನ್ನು ಕರೆದುಕೊಂಡು ಹೋದರೆ ಮೊದಲು ಗಿಳಿ ತೋರಿಸಿ, ಉಳಿದದ್ದನ್ನು ಅವರೇ ಹುಡುಕುತ್ತಾರೆ.

ಒಂದರೊಳಗೊಂದು ಚೌಕಟ್ಟು ಇಟ್ಟ ಹಾಗೆ ಪಟ್ಟಿ ಪಟ್ಟಿ ಯಾಕೆ ಕೆತ್ತಿದ್ದಾರೆ?

ಅದು ಗುಡಿಯಿಂದ ಮನೆಗೆ ಇಳಿದು ಬಂದದ್ದು. ಗುಡಿಯ ಬಾಗಿಲಲ್ಲಿ ಈ ಪಟ್ಟಿಗಳಿಗೆ ಶಾಖೆ ಅನ್ನುತ್ತಾರೆ. ಮೂರು ಪಟ್ಟಿ ಇದ್ದರೆ ತ್ರಿಶಾಖೆ, ಐದಿದ್ದರೆ ಪಂಚಶಾಖೆ, ಏಳಿದ್ದರೆ ಸಪ್ತಶಾಖೆ. ಒಂದರಲ್ಲಿ ಹೂಬಳ್ಳಿ, ಒಂದರಲ್ಲಿ ರತ್ನದಂಥ ಚೌಕಗಳು, ಒಂದರಲ್ಲಿ ಸಣ್ಣ ಕಂಬ, ಇನ್ನೊಂದರಲ್ಲಿ ಎದ್ದು ನಿಂತ ಮೃಗಗಳು.

ಇದನ್ನು ಕಣ್ಣಾರೆ ನೋಡಬೇಕಾದರೆ ಕುಕನೂರು ಹತ್ತಿರದ ಇಟಗಿಗೆ ಹೋಗಿ. ಅಲ್ಲಿನ ಮಹಾದೇವ ದೇವಾಲಯ 1112ರದು. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನ ಅದನ್ನು "ದೇವಾಲಯ ಚಕ್ರವರ್ತಿ" ಎಂದು ಕರೆದಿದೆ. ಬಳಪದ ಕಲ್ಲಿನಂಥ ಮೆತ್ತನೆಯ ಕಲ್ಲು ಅದು. ಹಾಗಾಗಿ ಮರ ಕೆತ್ತಿದಷ್ಟೇ ಸಣ್ಣದಾಗಿ ಕಲ್ಲನ್ನು ಕೆತ್ತಲು ಸಾಧ್ಯವಾಯಿತು. ಇಟಗಿ ನೋಡಿ ಬಂದು ನಿಮ್ಮೂರಿನ ತಲಬಾಗಿಲ ಮುಂದೆ ನಿಂತರೆ ಪಟ್ಟಿಗಳು ತಾವಾಗಿ ಅರ್ಥವಾಗುತ್ತವೆ. ಮನೆಯ ಬಾಗಿಲಲ್ಲಿ ಸಾಮಾನ್ಯವಾಗಿ ಎರಡು, ಮೂರು ಪಟ್ಟಿ ಸಾಕು. ಗುಡಿಯ ದ್ವಾರಪಾಲಕರ ಜಾಗದಲ್ಲಿ ಪೂರ್ಣಕುಂಭವೋ ಸಿಂಹದ ಮುಖವೋ ಬಂದಿರುತ್ತದೆ.

ರಾಯಚೂರಿನ ಮನೆಗಳಿಗೆ ಕಮಾನು ಜಾಸ್ತಿ. ಬಳ್ಳಾರಿ ಮನೆಗಳು ಬೇರೆ ತರ. ಹತ್ತಿರದ ಊರುಗಳೇ ಅಲ್ವಾ?

ಹತ್ತಿರದವೇ, ಆದರೆ ಆಳಿದವರು ಬೇರೆ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಅಲ್ಲಿಂದ ಬಳ್ಳಾರಿ ಮದ್ರಾಸಿನ ಕಡೆಗೆ ಮುಖ ಮಾಡಿತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ರಾಯಚೂರು, ಕೊಪ್ಪಳ 1948ರವರೆಗೆ ಹೈದರಾಬಾದಿನ ಕಡೆಗೇ ಇದ್ದವು. ಕೊಪ್ಪಳವಂತೂ ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಕೆಲಸಗಾರರು ಕಲಿತದ್ದು, ಸಾಹುಕಾರರು ನೋಡಿ ಆಸೆಪಟ್ಟದ್ದು ಆಯಾ ದೊಡ್ಡ ಊರಿನ ಮನೆಗಳನ್ನೇ. ಹಾಗಾಗಿ ಒಂದು ಕಡೆ ಗಾರೆಯ ಕಮಾನು, ಕಮಾನಿನ ಎರಡೂ ಹೆಗಲ ಮೇಲೆ ಅರಳಿದ ಹೂವು. ಇನ್ನೊಂದು ಕಡೆ ಸಾಲು ಕಂಬದ ಮುಂಜಗುಲಿ, ಮದ್ರಾಸ್ ತಾರಸಿ (ಮರದ ಜಂತಿಯ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮಾಳಿಗೆ), ನೆತ್ತಿಯ ಮೇಲೆ ತಿರುವಿದ ಕುಂಬಿಗೋಡೆ.

1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಆಮೇಲೆ ದೂರದ ಮರ, ಬೀಡುಕಬ್ಬಿಣದ ಕಟಾಂಜನ, ಬಣ್ಣದ ಗಾಜು, ಮಂಗಳೂರು ಹೆಂಚು ತರಿಸುವುದು ಸುಲಭವಾಯಿತು. ಹತ್ತಿ ವ್ಯಾಪಾರದ ದುಡ್ಡೂ ಸೇರಿತು. ನಾವು ಇವತ್ತು "ಪುರಾತನ" ಅಂತ ಕೈ ಮುಗಿಯುವ ಎಷ್ಟೋ ಮುಖಗೋಡೆಗಳು ಈ ರೈಲು ಬಂದ ಮೇಲಿನವು.

ನಮ್ಮ ಮನೆ ಮೇಲೆ 1340 ಅಂತ ಬರೆದೈತಿ. ಅಂದ್ರೆ ವಿಜಯನಗರ ಕಾಲದ್ದೇನ್ರಿ?

ಇಂಥ ಪ್ರಶ್ನೆ ಬಂದಾಗ ನನಗೆ ಬಹಳ ಖುಷಿ. ಅದು ಕ್ರಿಸ್ತಶಕ ಅಲ್ಲ, ಫಸಲಿ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ. ಹೈದರಾಬಾದ್ ಸಂಸ್ಥಾನದ ಸರ್ಕಾರಿ ಕಾಗದಗಳಲ್ಲಿ ಫಸಲಿ ವರ್ಷವೇ ನಡೆಯುತ್ತಿತ್ತು. ಅದಕ್ಕೆ 590 ಕೂಡಿಸಿ. 1340 ಫಸಲಿ ಅಂದರೆ ಸುಮಾರು 1930–31. ನಿಮ್ಮ ಮನೆಗೆ ಈಗ ನೂರರ ಹತ್ತಿರ ವಯಸ್ಸು, ಅದೇನು ಕಡಿಮೆಯಾ?

ಶಾಲಿವಾಹನ ಶಕೆ ಅಂತ ಇದ್ದರೆ 78 ಕೂಡಿಸಬೇಕು. ಹಿಜರಿ ಇದ್ದರೆ ಲೆಕ್ಕ ಅಷ್ಟು ನೇರ ಇಲ್ಲ, ಚಂದ್ರಮಾನದ ವರ್ಷ ಸಣ್ಣದು, ಪಟ್ಟಿ ನೋಡಿಯೇ ಹೇಳಬೇಕು. ಬರೀ ಸಂವತ್ಸರದ ಹೆಸರಿದ್ದರೆ ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಅನ್ನುವುದು ನೆನಪಿರಲಿ.

ಇನ್ನೊಂದು ಎಚ್ಚರ. ನೆತ್ತಿಯ ಮೇಲಿನ ಇಸವಿ ಆ ಮುಖಗೋಡೆಯದು ಮಾತ್ರ. ಮನೆ ಅದಕ್ಕಿಂತ ಹಳೆಯದಿರಬಹುದು, ಬಾಗಿಲು ಮನೆಗಿಂತಲೂ ಹಳೆಯದಿರಬಹುದು. ಅಣ್ಣತಮ್ಮಂದಿರು ಪಾಲಾದಾಗ ಒಬ್ಬರು ಚೌಕಟ್ಟು ಬಿಚ್ಚಿ ಒಯ್ದು ಹೊಸ ಮನೆಗೆ ಕೂಡಿಸಿದ್ದು ನಮ್ಮ ಕಡೆ ಹೊಸ ಮಾತೇನಲ್ಲ. ಚೌಕಟ್ಟಿಗಿಂತ ಗೋಡೆಯ ಬಾಯಿ ದೊಡ್ಡದಿದ್ದು, ಸಂದಿಗೆ ಇಟ್ಟಿಗೆ ತುಂಬಿದ್ದರೆ ಅನುಮಾನ ಪಡಿ.

ಮರ, ಗಾರೆ, ಕೆಲಸದ ಕೈ

ಬಯಲುಸೀಮೆಯಲ್ಲಿ ಇಷ್ಟು ದಪ್ಪ ಸಾಗವಾನಿ ಎಲ್ಲಿಂದ ಬಂತು?

ಮೊದಲು ಅದು ಸಾಗವಾನಿಯೇ ಹೌದಾ ಅಂತ ನೋಡಿ. ಹಳ್ಳಿಯ ಮನೆಗಳ ಎಷ್ಟೋ ಬಾಗಿಲು ಬೇವಿನವು. ಬೇವು ಕಹಿ, ಹುಳ ಬೇಗ ಹತ್ತುವುದಿಲ್ಲ, ಹೊಲದ ಬದುವಿನಲ್ಲೇ ಸಿಗುತ್ತದೆ. ಜಾಲಿ, ಮತ್ತಿ, ಹೊನ್ನೆಯೂ ಇವೆ. ಸಾಗವಾನಿ ಬೇಕೆಂದವರು ದಾಂಡೇಲಿ, ಹಳಿಯಾಳ ಕಡೆಯ ಕಾಡಿನ ಮರವನ್ನೋ, ರೈಲು ಬಂದ ಮೇಲೆ ಬರ್ಮಾ ದೇಶದ ಮರವನ್ನೋ ತರಿಸಿಕೊಳ್ಳಬೇಕಿತ್ತು. ದುಬಾರಿ ಮರ. ಹಾಗಾಗಿ ಎದುರಿಗೆ ಕಾಣುವ ಚೌಕಟ್ಟಿಗೆ ಸಾಗವಾನಿ, ಹಿಂದಿನ ಅಡ್ಡಪಟ್ಟಿಗಳಿಗೆ ಬೇವು, ಒಳಗಿನ ಜಂತಿಗೆ ಸಿಕ್ಕ ಮರ, ಹೀಗೆ ಲೆಕ್ಕ ಹಾಕಿ ಬಳಸಿರುವುದು ಕಾಣುತ್ತದೆ. ಕದವನ್ನು ಹಿಂಬದಿಯಿಂದಲೂ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಬಿಜಾಗರಿ ಎಲ್ಲೂ ಕಾಣ್ತಿಲ್ಲ. ಕದ ತಿರುಗೋದು ಹೇಗೆ?

ಕದದ ಅಂಚಿನ ನಿಲುವು ಮರವನ್ನು ಮೇಲೂ ಕೆಳಗೂ ಗೂಟದ ಹಾಗೆ ಉದ್ದ ಬಿಟ್ಟಿರುತ್ತಾರೆ. ಕೆಳಗಿನ ಗೂಟ ಹೊಸ್ತಿಲ ಹಿಂದಿನ ಕಲ್ಲಿನ ಕುಳಿಯಲ್ಲಿ ಕೂರುತ್ತದೆ. ಮೇಲಿನದು ಚೌಕಟ್ಟಿನ ಹಿಂದಿರುವ ಅಡ್ಡ ಮರದ ತೂತಿನಲ್ಲಿ. ಇದೇ ತಿರುಗಣಿ. ಕದದ ಭಾರವೆಲ್ಲಾ ಕಲ್ಲಿನ ಮೇಲೆ ಬೀಳುತ್ತದೆ, ಚೌಕಟ್ಟಿನ ಮೇಲೆ ಬೀಳುವುದೇ ಇಲ್ಲ. ಅಷ್ಟು ತೂಕದ ಕದ ಇದ್ದೂ ಚೌಕಟ್ಟು ಜೋತುಬೀಳದೆ ಉಳಿದಿರುವ ಗುಟ್ಟು ಇದು.

ಕುಷ್ಟಗಿ ಕಡೆಯ ನಮ್ಮಜ್ಜನ ಮನೆಯಲ್ಲಿ ಆ ಕುಳಿಗೆ ಆಗಾಗ ಎರಡು ಹನಿ ಔಡಲ ಎಣ್ಣೆ ಬಿಡುತ್ತಿದ್ದರು. ಬೆರಳು ಹಾಕಿದರೆ ಕಲ್ಲು ಗಾಜಿನಷ್ಟು ನುಣುಪು. ಎಣ್ಣೆ ಒಣಗಿದಾಗ ಬಾಗಿಲು ಕುಂಯ್ ಅನ್ನುತ್ತಿತ್ತು. ಆ ಸದ್ದಿನಿಂದ ಯಾರು ಬಂದರು ಅಂತ ಅಜ್ಜಿ ಒಳಗಿಂದಲೇ ಹೇಳುತ್ತಿದ್ದಳು. ಮಕ್ಕಳು ತಳ್ಳುವ ರೀತಿ ಬೇರೆ, ಅಜ್ಜ ತಳ್ಳುವ ರೀತಿ ಬೇರೆ. ರಾತ್ರಿ ಗೋಡೆಯೊಳಗಿನ ಉದ್ದ ತೂತಿನಿಂದ ಅಗಳಿ ಎಳೆದು ಅಡ್ಡ ಹಾಕಿದರೆ ಮುಗಿಯಿತು. ಹಗಲು ಅದೇ ತೂತಿಗೆ ಅಗಳಿ ತಳ್ಳಿಬಿಟ್ಟರೆ ಕಣ್ಣಿಗೇ ಕಾಣದು. ಅದು ಕೂರಬೇಕಾದರೆ ಗೋಡೆ ಎಷ್ಟು ದಪ್ಪ ಇರಬೇಕು ನೋಡಿ.

ಮುಖಗೋಡೆ ಮೇಲಿನ ಸಿಂಹ, ಹೂಬಳ್ಳಿ ಗಾರೆಯದಾ, ಸಿಮೆಂಟಿನದಾ?

ಒಡೆದ ಜಾಗ ಹುಡುಕಿ. ಒಳಗೆ ಬೆಳ್ಳಗೆ, ನಡುನಡುವೆ ಸುಣ್ಣದ ಬಿಳಿ ಚುಕ್ಕಿ ಕಂಡರೆ ಗಾರೆ. ಬೂದು ಬಣ್ಣ ಇದ್ದರೆ ಸಿಮೆಂಟು. ಗಾರೆಗೆ ಉಗುರು ಒತ್ತಿದರೆ ಸ್ವಲ್ಪ ಪುಡಿ ಬರುತ್ತದೆ, ಸಿಮೆಂಟಿಗೆ ಬರುವುದಿಲ್ಲ. ನಮ್ಮ ದೇಶದಲ್ಲಿ ಸಿಮೆಂಟು ತಯಾರಿಕೆ ನೆಲೆ ನಿಂತದ್ದು ಪೋರಬಂದರಿನ ಕಾರ್ಖಾನೆಯಿಂದ, 1914ರ ಹೊತ್ತಿಗೆ. ಹಾಗಾಗಿ ಅದಕ್ಕೂ ಹಿಂದಿನ ಮನೆಯಲ್ಲಿ ಸಿಮೆಂಟು ಕಂಡರೆ ಅದು ಬಹುಮಟ್ಟಿಗೆ ಆಮೇಲಿನ ತೇಪೆಯೇ ಇರುತ್ತದೆ.

ಗಾರೆ ಅಂದರೆ ಬರೀ ಸುಣ್ಣ, ಮರಳು ಅಲ್ಲ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ದಿನಗಟ್ಟಲೆ ಕೊಳೆಸಿ, ಮರಳು ಹಾಕಿ, ಎತ್ತು ಹೂಡಿದ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದರು. ದುಂಡಗಿನ ಕಾಲುವೆಯಂಥ ಕಲ್ಲಿನ ಗಾಣ, ಅದರಲ್ಲಿ ಉರುಳುವ ಕಲ್ಲಿನ ಗಾಲಿ ಕೆಲವು ಹಳೇ ಕಟ್ಟಡಗಳ ಪಕ್ಕ ಇನ್ನೂ ಬಿದ್ದಿರುತ್ತವೆ. ಗಾರೆ ನಿಧಾನ ಗಟ್ಟಿಯಾಗುತ್ತದೆ. ಆ ನಿಧಾನವೇ ಕೆಲಸಗಾರನಿಗೆ ಅನುಕೂಲ. ಸಿಂಹದ ಕೇಸರ ಎಳೆ ಎಳೆಯಾಗಿ ಬಿಡಿಸಲು, ತಪ್ಪಿದ್ದನ್ನು ತಿದ್ದಲು ಅವನಿಗೆ ಹೊತ್ತು ಸಿಗುತ್ತಿತ್ತು.

ಕಿನ್ನಾಳದವರು ಮನೆ ಬಾಗಿಲೂ ಕೆತ್ತುತ್ತಿದ್ದರಾ?

ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಹೆಸರಾದದ್ದು ಮರದ ಗೊಂಬೆ, ದೇವರ ಮೂರ್ತಿ, ತೊಟ್ಟಿಲು, ಮಣೆಗಳಿಗೆ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರ ಬರೆದವರು ನಮ್ಮ ಹಿರಿಯರು ಎಂದು ಅವರು ಹೇಳಿಕೊಂಡು ಬಂದಿದ್ದಾರೆ. ಅವರ ಮರ ಹಗುರ. ಮೇಲೆ ಹುಣಸೆ ಬೀಜದ ಅಂಟು ಬೆರೆತ ಲೇಪ, ಅದರ ಮೇಲೆ ಹೊಳೆಯುವ ಬಣ್ಣ. ಮಳೆ, ಬಿಸಿಲಿಗೆ ನಿಲ್ಲುವ ಬಾಗಿಲಿಗೆ ಅದು ಆಗದು. ಬಾಗಿಲು ಬಡಿಗೇರರ ಕೆಲಸ, ಕೊಂಡಿ, ಚಿಲಕ, ಮೊಳೆ ಕಂಬಾರರ ಕೆಲಸ. ಆದರೆ ಗಿಳಿ, ಆನೆ, ಹೂಬಳ್ಳಿಯ ಮಾದರಿಗಳು ಇವರಿಂದ ಅವರಿಗೆ ಓಡಾಡಿವೆ ಅನ್ನುವುದು ಎರಡನ್ನೂ ನೋಡಿದ ನನ್ನ ಅನಿಸಿಕೆ.

ಉಳಿಸಿಕೊಳ್ಳುವುದು

ಅಜ್ಜನ ಮನೆ ಬಾಗಿಲಿಗೆ ಆಯಿಲ್ ಪೇಂಟ್ ಬಳಿದಾರ. ತೆಗೆಯಾಕ ಬರ್ತೈತೇನ್ರಿ?

ಬರುತ್ತದೆ. ಆದರೆ ಅವಸರ ಮಾಡಿದರೆ ಪೇಂಟ್ ಜೊತೆ ಕೆತ್ತನೆಯೂ ಹೋಗುತ್ತದೆ. ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಮದುವೆ ಹತ್ತಿರ ಬಂತು ಅಂತ ಪೇಂಟರ್ ಒಬ್ಬರಿಗೆ ಕೆಲಸ ಒಪ್ಪಿಸಿದೆವು. ಅವರು ಕಾಸ್ಟಿಕ್ ಸೋಡಾ ನೀರು ಬಳಿದು ತಂತಿ ಬ್ರಷ್‌ನಿಂದ ತಿಕ್ಕಿದರು. ಅರ್ಧ ದಿನದಲ್ಲಿ ಪೇಂಟ್ ಹೋಯಿತು. ಒಣಗಿದ ಮೇಲೆ ನೋಡಿದರೆ ಮರ ಕಪ್ಪಿಟ್ಟು, ಮೇಲೆಲ್ಲಾ ನಾರು ನಾರು ಎದ್ದಿತ್ತು. ಎಡಗಡೆಯ ಗಿಳಿಗೆ ಕಣ್ಣೇ ಇರಲಿಲ್ಲ. ನಾನು ಅಲ್ಲೇ ಕಟ್ಟೆ ಮೇಲೆ ಬಹಳ ಹೊತ್ತು ಕೂತಿದ್ದೆ.

ಬಲಗಡೆಯದನ್ನು ಆಮೇಲೆ ನಾವೇ ಮಾಡಿದೆವು. ಅಂಗೈಯಗಲದ ಜಾಗದಲ್ಲಿ ಮೊದಲು ಪರೀಕ್ಷೆ ಮಾಡಿ. ಪೇಂಟ್ ತೆಗೆಯುವ ಗಟ್ಟಿ ಜೆಲ್ ಸಿಗುತ್ತದೆ, ಡಬ್ಬಿಯ ಮೇಲೆ ಬರೆದಂತೆ ಹಚ್ಚಿ, ನೆನೆಯಲು ಬಿಡಿ. ಉಬ್ಬಿದ ಮೇಲೆ ಬಿದಿರಿನ ಚೂಪು ಕಡ್ಡಿ, ಹಳೇ ಹಲ್ಲುಜ್ಜುವ ಬ್ರಷ್ ಬಳಸಿ ಬಿಡಿಸಿ. ಕಬ್ಬಿಣ ಬೇಡವೇ ಬೇಡ. ನಮಗೆ ಮೊದಲು ನೀಲಿ ಬಂತು, ಅದರ ಕೆಳಗೆ ಹಸಿರು, ಆಮೇಲೆ ಕಂದು, ಎಲ್ಲಕ್ಕಿಂತ ಕೆಳಗೆ ಜಾಜಿನ ಕೆಂಪು. ಆ ಕೆಂಪು ಮೊದಲಿನದು. ಅಂಥದ್ದು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಮರ ಕಾಣಲೇಬೇಕೆಂಬ ಹಟ ಬೇಡ. ಗಿಳಿಯ ಕಣ್ಣು ಜೋಳದ ಕಾಳಿನಷ್ಟು. ಅದನ್ನು ಬಿಡಿಸಲು ಒಂದು ಮಧ್ಯಾಹ್ನ ಹಿಡಿಯಿತು.

ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಮನೆ ಪೇಂಟಿನಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಬಂದದ್ದು 2016ರ ನಿಯಮದಿಂದ. ಆದ್ದರಿಂದ ಒಣ ಪೇಂಟನ್ನು ಮರಳುಕಾಗದದಿಂದ ಉಜ್ಜಬೇಡಿ, ಬೆಂಕಿ ತೋರಿಸಿ ಸುಡಬೇಡಿ. ಮಕ್ಕಳು, ಬಸುರಿಯರು ದೂರ ಇರಲಿ. ಮಾಸ್ಕ್, ಕೈಗವಸು ಹಾಕಿಕೊಳ್ಳಿ.

ಆಮೇಲೆ ಏನು ಹಚ್ಚಬೇಕು? ವಾರ್ನಿಶ್ ಹೊಳಪು ಚೆನ್ನಾಗಿರುತ್ತಲ್ವಾ?

ಹೊಳಪಿನ ವಾರ್ನಿಶ್ ಎರಡು ಬೇಸಿಗೆಗೆ ಸಿಪ್ಪೆ ಏಳುತ್ತದೆ, ಮತ್ತೆ ಅದನ್ನು ಕೆರೆಯಬೇಕು. ಅಗಸೆ ಎಣ್ಣೆಯನ್ನು ತೆಳ್ಳಗೆ, ಬಟ್ಟೆಯಿಂದ ಒರೆಸಿದ ಹಾಗೆ ಹಚ್ಚಿ. ಉಳಿದದ್ದನ್ನು ಒರೆಸಿಬಿಡಿ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ. ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ ಮಾಡಿದರೆ ಸಾಕು.

ಒಂದು ಎಚ್ಚರಿಕೆ, ದಯವಿಟ್ಟು ಮರೆಯಬೇಡಿ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಚೌಕಟ್ಟಿನ ಬುಡಕ್ಕೆ ಗೆದ್ದಲು ಹತ್ತಿದೆ. ಇಡೀ ಬಾಗಿಲು ತೆಗೆಸಬೇಕಾ?

ಬೇಡ. ಗೆದ್ದಲು ಬರುವುದು ನೆಲದ ತೇವದಿಂದ. ಮೊದಲು ತೇವ ಎಲ್ಲಿಂದ ಬರುತ್ತಿದೆ ನೋಡಿ. ಬಚ್ಚಲ ನೀರು, ರಸ್ತೆ ಎತ್ತರವಾಗಿ ಒಳಗೆ ಹರಿಯುವ ಮಳೆನೀರು, ಪಕ್ಕದಲ್ಲಿಟ್ಟ ಹೂಕುಂಡ, ಯಾವುದೂ ಆಗಬಹುದು. ಮಣ್ಣಿನ ಹಾದಿ ಕೆಡವಿ, ಗೆದ್ದಲಿನ ಔಷಧವನ್ನು ತಿಳಿದವರಿಂದ ಹಾಕಿಸಿ. ಕೊಳೆತ ಬುಡವನ್ನು ಮಾತ್ರ ಕತ್ತರಿಸಿ, ಅದೇ ಜಾತಿಯ ಹಳೇ ಮರದ ತುಂಡನ್ನು ಓರೆಯಾಗಿ ಕಚ್ಚು ಹಾಕಿ ಕೂಡಿಸಲು ಬಡಿಗೇರರಿಗೆ ಹೇಳಿ. ಒಂದು ಗೇಣು ಕೊಳೆತಿದ್ದಕ್ಕೆ ಆರಡಿಯ ಕೆತ್ತನೆ ಬಿಸಾಡಿದ್ದನ್ನು ನೋಡಿದ್ದೇನೆ, ಆ ಸಂಕಟ ಬೇಡ.

ಗೋಡೆ ಉದುರ್ತಿದೆ, ಸಿಮೆಂಟ್ ಪ್ಲಾಸ್ಟರ್ ಹಾಕಿದರೆ ಗಟ್ಟಿ ಆಗುತ್ತಲ್ಲ?

ಮೇಲೆ ಗಟ್ಟಿ, ಒಳಗೆ ಪೊಳ್ಳು. ಕಲ್ಲು, ಮಣ್ಣು, ಸುಣ್ಣದ ಗೋಡೆ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ತೇವ ಒಳಗೇ ನಿಂತು, ಕೊನೆಗೆ ಹಾದಿ ಹುಡುಕಿಕೊಂಡು ಚೌಕಟ್ಟಿನ ಮರಕ್ಕೆ ಬರುತ್ತದೆ. ಹೋದ ಪ್ರಶ್ನೆಯ ಗೆದ್ದಲಿಗೆ ಎಷ್ಟೋ ಸಲ ಇದೇ ಮೂಲ. ಸುಣ್ಣದ ಗಾರೆಯನ್ನೇ ಮತ್ತೆ ಹಾಕಿಸಿ. ಬಣ್ಣವೂ ಸುಣ್ಣದ್ದೇ ಇರಲಿ. ಹೂಬಳ್ಳಿಯ ಸಂದಿಗೆ ವರ್ಷಾ ವರ್ಷಾ ದಪ್ಪ ಸುಣ್ಣ ಬಳಿದರೂ ಕೆತ್ತನೆ ಮುಚ್ಚಿಹೋಗುತ್ತದೆ. ತೆಳ್ಳಗೆ ಬಳಿಯಬೇಕು.

ಕಾನೂನು, ಮಾರಾಟ, ಮನೆ ಕೆಡವುವಾಗ

ಟೆಂಪೋದಲ್ಲಿ ಬಂದವರು ಬಾಗಿಲಿಗೆ ಒಳ್ಳೆ ರೇಟು ಹೇಳ್ತಾರೆ. ಮಾರಿದರೆ ತಪ್ಪಾ?

ಮನೆ ನಿಮ್ಮದು, ಕಷ್ಟವೂ ನಿಮ್ಮದು. ನಾನು ಬೈಯುವುದಿಲ್ಲ. ಆದರೆ ಎರಡು ವಿಷಯ ತಿಳಿದಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕೆತ್ತನೆ, ಕಟ್ಟಡದಿಂದ ಬಿಚ್ಚಿದ ಭಾಗ ಪುರಾತನ ವಸ್ತು. ಅಂಥವನ್ನು ವ್ಯಾಪಾರ ಮಾಡುವವರಿಗೆ ಪರವಾನಗಿ ಇರಬೇಕು. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಬಂದವರ ಹತ್ತಿರ ಪರವಾನಗಿ ಕೇಳಿ. ಕೇಳಿದ ಕೂಡಲೇ ಮಾತು ಬದಲಿಸಿದರೆ ನಿಮಗೇ ಗೊತ್ತಾಗು­ತ್ತದೆ.

ಎರಡನೆಯದು, ಬಿಚ್ಚಿದ ಬಾಗಿಲು ಮೊದಲಿನ ಬಾಗಿಲಾಗಿ ಉಳಿಯುವುದಿಲ್ಲ. ಹೊಸ್ತಿಲು ಇಲ್ಲೇ ಬಿಡುತ್ತಾರೆ, ತಿರುಗಣಿಯ ಕಲ್ಲು ಇಲ್ಲೇ, ಮಾಡಗಳು ಇಲ್ಲೇ. ಚೌಕಟ್ಟು ಎಲ್ಲೋ ಹೋಟೆಲಿನ ಗೋಡೆಗೆ ಒರಗುತ್ತದೆ, ಕದ ಊಟದ ಮೇಜಾಗುತ್ತದೆ. ಯಾವ ಊರಿನದು, ಯಾರ ಮನೆಯದು ಅಂತ ಹೇಳುವವರು ಅಲ್ಲಿ ಒಬ್ಬರೂ ಇರುವುದಿಲ್ಲ.

ನಮ್ಮ ಸ್ವಂತ ಮನೆ ರಿಪೇರಿಗೂ ಪರ್ಮಿಶನ್ ಬೇಕಾ?

ಮನೆ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ಇಟಗಿಯ ಗುಡಿಯ ಪಕ್ಕ ಮನೆ ಇರುವವರಿಗೆ ಇದು ಅನ್ವಯಿಸುತ್ತದೆ. ಆನೆಗೊಂದಿ ಕಡೆಯವರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ಕೇಳಬೇಕು. 2002ರ ಕಾಯ್ದೆಯಿಂದ ಬಂದ ಪ್ರಾಧಿಕಾರ ಅದು. ತುಂಗಭದ್ರಾ ಹೊಳೆಯ ಈಚೆಯ, ಕೊಪ್ಪಳ ಜಿಲ್ಲೆಯ ಹಳ್ಳಿಗಳೂ ಅದರಲ್ಲಿ ಸೇರಿವೆ. ಉಳಿದ ಕಡೆ ನಗರಸಭೆ, ಪಂಚಾಯಿತಿಯ ಎಂದಿನ ನಿಯಮ.

ರಸ್ತೆ ಅಗಲ ಮಾಡ್ತಾರಂತೆ, ಮುಖಗೋಡೆ ಹೋಗುತ್ತೆ. ಏನು ಮಾಡೋದು?

ಇವತ್ತೇ ದಾಖಲೆ ಮಾಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ, ನಡುಹಗಲಿನ ಬಿಸಿಲಿನಲ್ಲಿ ಕೆತ್ತನೆ ಚಪ್ಪಟೆ ಕಾಣುತ್ತದೆ. ಪೂರ್ತಿ ಮುಖ ಒಂದು, ಬಾಗಿಲು ಒಂದು, ಲಲಾಟ, ಹೊಸ್ತಿಲು, ಕೊಂಡಿ, ಕದದ ಹಿಂಬದಿ ಬೇರೆ ಬೇರೆ. ಪ್ರತಿ ಫೋಟೊದಲ್ಲೂ ಅಳತೆ ಪಟ್ಟಿ ಇಡಿ. ಆಮೇಲೆ ಮನೆಯ ಹಿರಿಯರನ್ನು ಅದೇ ಕಟ್ಟೆ ಮೇಲೆ ಕೂರಿಸಿ, ಯಾರು ಕಟ್ಟಿಸಿದರು, ಯಾವ ಊರಿನ ಬಡಿಗೇರರು ಬಂದಿದ್ದರು, ಎಷ್ಟು ತಿಂಗಳು ಉಂಡು ಮಲಗಿ ಕೆಲಸ ಮಾಡಿದರು ಅಂತ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಗೋಡೆಗಿಂತ ಮೊದಲು ಹೋಗುವುದು ಈ ನೆನಪು. ಬಿಚ್ಚಲೇಬೇಕಾದರೆ ತುಂಡು ತುಂಡಿಗೂ ಹಿಂಬದಿ ಸೀಮೆಸುಣ್ಣದಲ್ಲಲ್ಲ, ಅಳಿಸದ ಬಣ್ಣದಲ್ಲಿ ಅಂಕಿ ಹಾಕಿ.

ಹಳೇ ಬಾಗಿಲನ್ನ ಹೊಸ ಮನೆಗೆ ಕೂಡಿಸಬಹುದಾ? ಮನೇಲಿ ಎಲ್ಲರೂ ಬೇಡ ಅಂತಿದಾರೆ.

ಖಂಡಿತ ಕೂಡಿಸಬಹುದು. ಹೊಸ ಮನೆಯ ನಕ್ಷೆ ಬರೆಯುವ ಮುಂಚೆಯೇ ಬಾಗಿಲಿನ ಅಳತೆ ಇಂಜಿನಿಯರ್‌ಗೆ ಕೊಡಿ. ಗೋಡೆ ಎದ್ದ ಮೇಲೆ ಹೇಳಿದರೆ ಚೌಕಟ್ಟನ್ನೇ ಕತ್ತರಿಸಿ ಕೂಡಿಸುತ್ತಾರೆ. ಹೊಸ್ತಿಲನ್ನೂ ತಿರುಗಣಿ ಕಲ್ಲನ್ನೂ ಬಿಡದೆ ತನ್ನಿ. ಸಿಮೆಂಟಿಗೆ ಮರ ನೇರ ತಾಗದಂತೆ ನಡುವೆ ಸುಣ್ಣದ ಗಾರೆ ತುಂಬಿಸಿ. ಮೇಲೆ ಒಂದು ಸಣ್ಣ ಸಜ್ಜಾ ಇರಲಿ, ಮಳೆ ನೇರ ಹೊಡೆಯಬಾರದು. ಎತ್ತರ ಕಡಿಮೆ ಅನ್ನಿಸಿದರೆ ಮೇಲೆ ಬೆಳಕಿಂಡಿ ಇಡಿ, ಚೌಕಟ್ಟನ್ನು ಮುಟ್ಟಬೇಡಿ.

ಮನೆಯವರು ಬೇಡ ಅನ್ನುವುದು ಸಾಮಾನ್ಯವಾಗಿ ತಲೆ ತಾಗುತ್ತದೆ ಅಂತ. ನಮ್ಮ ಮನೆಯಲ್ಲೂ ಅದೇ ಜಗಳ ಆಯಿತು. ಈಗ ಕೊಪ್ಪಳದ ಮನೆಗೆ ಅಜ್ಜನ ಬಾಗಿಲೇ ಇದೆ, ಕಣ್ಣಿಲ್ಲದ ಎಡಗಡೆಯ ಗಿಳಿಯ ಸಮೇತ. ಶುಕ್ರವಾರ ಹೊಸ್ತಿಲಿಗೆ ಅರಿಷಿಣ ಹಚ್ಚುವಾಗ ನಮ್ಮ ಅಮ್ಮ ಆ ಗಿಳಿಗೂ ಒಂದು ಬೊಟ್ಟು ಕುಂಕುಮ ಇಡುತ್ತಾಳೆ, ಕಣ್ಣು ಇರಬೇಕಾದ ಜಾಗದಲ್ಲಿ.